ಮೇಣದ ಡಬ್ಬಿ

ಟ್ರೊಂಡ್‌ಹೈಮ್‌ನಲ್ಲಿ ನಡೆದ 2025ರ ನಾರ್ಡಿಕ್ ಸ್ಕೀ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾರ್ವೆಯ ಸ್ಕೀಪಟು ಯೊಹಾನೆಸ್ ಕ್ಲೇಬೊ ಆರಕ್ಕೆ ಆರೂ ಚಿನ್ನ ಗೆದ್ದ. ಅವನ ತರಬೇತುದಾರರು ಸ್ವಂತ ಅಜ್ಜ, ತಾಯಿಯ ತಂದೆ ಕೋರೆ ಹೋಸ್‌ಫ್ಲೋಟ್. ಎರಡು ವರ್ಷದ ಮೊಮ್ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಸ್ಕೀ ಕೊಟ್ಟವರೂ ಅವರೇ. ಹಾಗೆ ಹಿರಿಯರಿಂದ ಮಕ್ಕಳಿಗೆ ದಾಟುವ ಇನ್ನೊಂದು ವಿದ್ಯೆ, ಹಿಮದಲ್ಲಿ ಹಿಡಿತಕ್ಕಾಗಿ ಸ್ಕೀಯ ಅಡಿಗೆ ಹಚ್ಚುವ ಮೇಣದ್ದು.

ನಾರ್ವೆಯ ಮನೆಗಳಲ್ಲಿ ಕಾಲಿನ ಚಲನೆಯನ್ನು ಮಗು ಬಿದ್ದೆದ್ದು ತಾನೇ ಕಲಿಯುತ್ತದೆ. ಹಿಮವನ್ನು ಓದುವುದು ಮಾತ್ರ ಪಕ್ಕದಲ್ಲಿ ಹಿರಿಯರಿಲ್ಲದೆ ಬರುವುದಿಲ್ಲ. ಕಡುಚಳಿಗೆ ಹಸಿರು, ಅದಕ್ಕಿಂತ ಸೌಮ್ಯ ಚಳಿಗೆ ನೀಲಿ, ಸೊನ್ನೆಯ ಆಸುಪಾಸಿಗೆ ನೇರಳೆ, ಕರಗಿ ಮತ್ತೆ ಗಡ್ಡೆಗಟ್ಟಿದ ಹಿಮಕ್ಕೆ ಕ್ಲಿಸ್ಟರ್ ಎಂಬ ಅಂಟುಮೇಣ: ಇಷ್ಟನ್ನು ಡಬ್ಬಿಯೇ ಹೇಳುತ್ತದೆ. ಆದರೆ ಅದೇ ಉಷ್ಣಾಂಶದಲ್ಲೂ ಹೊಸ ಹಿಮದ ಚೂಪು ಹರಳಿಗೆ ಗಟ್ಟಿ ಮೇಣ ಬೇಕು, ಸವೆದು ದುಂಡಗಾದ ಹಳೆಯ ಹಿಮಕ್ಕೆ ಮೆದುವಾದದ್ದು. ಇದನ್ನು ತಿಳಿಯಲು ತಾಯಿ ಹಿಮವನ್ನು ಅಂಗೈಯಲ್ಲಿ ಹಿಂಡಿ ನೋಡುತ್ತಾಳೆ, ಮಗಳ ಕೈಗೂ ಒಂದಿಷ್ಟು ಹಾಕುತ್ತಾಳೆ. ಉಂಡೆ ಕಟ್ಟಿತೇ, ಉದುರಿತೇ? ಪರಂಪರೆ ದಾಟುವುದು ಅಲ್ಲಿ. ಬಣ್ಣದ ಡಬ್ಬಿಗಳು ಬರುವ ಮುಂಚೆ ಟಾರು, ಮೇಣ ಕಾಯಿಸಿ ತಮ್ಮದೇ ಹದ ಕಂಡುಕೊಂಡವರು ಆ ಗುಟ್ಟನ್ನು ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು.

ಆದ್ದರಿಂದಲೇ ಮೇಣವನ್ನೇ ಕೈಬಿಟ್ಟ ಡಬಲ್ ಪೋಲಿಂಗ್ ಪಂಥದ ಮೇಲೆ ನನಗೆ ಹಳೆಯ ಮುನಿಸು. ರೇನಾದಿಂದ ಲಿಲ್ಲೆಹಾಮರ್‌ಗೆ 54 ಕಿ.ಮೀ. ಸಾಗುವ ಬಿರ್ಕೆಬೈನರ್ ಸ್ಕೀ ಓಟವನ್ನೇ ನೋಡಿ. 1206ರಲ್ಲಿ ಎಳೆಯ ರಾಜಕುಮಾರ ಹೋಕೊನ್‌ನನ್ನು ಹೊತ್ತು ಬೆಟ್ಟ ದಾಟಿದವರ ನೆನಪಿಗೆ ಪ್ರತಿ ಸ್ಪರ್ಧಿಯೂ 3.5 ಕಿಲೋ ಚೀಲ ಹೊರುತ್ತಾನೆ. ಅಲ್ಲೂ ಮುಂಚೂಣಿಯವರು ಹಿಡಿತದ ಮೇಣವನ್ನೇ ಹಚ್ಚದೆ, ಎರಡೂ ಕೋಲು ಊರಿ ತೋಳ್ಬಲದಿಂದಲೇ ಏರುತ್ತಾರೆ. ಒದ್ದು ಜಾರುವ ಕ್ಲಾಸಿಕ್ ಶೈಲಿಯ ಓಟಗಳಲ್ಲಿ ಕೋಲಿನ ಉದ್ದ ದೇಹದ ಎತ್ತರದ ಶೇ 83 ಮೀರಬಾರದೆಂದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ನಿಯಮ ತಂದದ್ದು ಈ ಚಾಳಿಗೆ ಕಡಿವಾಣ ಹಾಕಲೆಂದೇ. ಹಾಗೆ ಏರುವವರ ವೇಗವನ್ನು ಒಪ್ಪುತ್ತೇನೆ. ಆದರೆ ಒದ್ದು ಜಾರುವ ಲಯವೇ ಇಲ್ಲದ ಓಟವನ್ನು ಕ್ಲಾಸಿಕ್ ಎನ್ನಲಾರೆ.

ಹಿಡಿತದ ಮೇಣವೇ ಬೇಡದಂತೆ ಅಡಿಗೆ ಮೊಹೇರ್ ಪಟ್ಟಿ ಅಂಟಿಸಿದ ಸ್ಕಿನ್ ಸ್ಕೀ ಇನ್ನೊಂದು ಕಥೆ. ಬಿಡುವಿಲ್ಲದ ಅಪ್ಪಅಮ್ಮಂದಿರನ್ನು ಅದು ಹೊರಗೆ ತಂದಿದೆ, ಅದಕ್ಕೆ ನನ್ನ ಮೆಚ್ಚುಗೆಯಿದೆ. ಆದರೆ ಅದನ್ನು ಮೆಟ್ಟಿ ಹೊರಟ ಮಗು ಕಾಲಡಿಯ ಹಿಮ ಎಂಥದೆಂದು ಕೇಳುವುದೇ ಇಲ್ಲ.

ಹಾಗಾಗಿ ಮಕ್ಕಳಿಗೆ ಒಂದು ಜೋಡಿ ಮೇಣದ ಸ್ಕೀ ಇರಲಿ. ಬಣ್ಣವನ್ನು ಅವರೇ ಆರಿಸಲಿ. ದಪ್ಪಗೆ ಮೆತ್ತಬಾರದು, ತೆಳುವಾಗಿ ಹಚ್ಚಿ, ಕಾರ್ಕಿನಿಂದ ಉಜ್ಜಿ, ಮತ್ತೆ ಹಚ್ಚಬೇಕು ಎಂಬುದನ್ನಷ್ಟೇ ಹೇಳಿಕೊಡಿ. ಏರಿನಲ್ಲಿ ಹಿಂದಕ್ಕೆ ಜಾರಿದರೆ ಅವರೇ ನಿಂತು, ಕೆರೆದು, ಬೇರೆ ಬಣ್ಣ ಹಚ್ಚಿಕೊಳ್ಳಲಿ. ಅಷ್ಟು ಹೊತ್ತು ಕಾಯುವುದು ದೊಡ್ಡವರ ಕೆಲಸ.