ಲಾವಾ ನೆಲದ ಇಸಿಸಾರಸ್

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್, ಅಂದರೆ ಭೂಗರ್ಭದ ಅತಿಯಾದ ಶಾಖ ಮತ್ತು ಒತ್ತಡದಲ್ಲಿ ಮಾರ್ಪಟ್ಟ ಹಸಿರುಗಪ್ಪು ಶಿಲೆ, ಡೈನೋಸಾರ್‌ಗಳಿಗಿಂತ 200 ಕೋಟಿ ವರ್ಷಗಳಿಗೂ ಹಿಂದಿನದಾದ್ದರಿಂದ ಅದರಲ್ಲಿ ಅವುಗಳ ಪಳೆಯುಳಿಕೆ ಸಿಗುವಂತಿಲ್ಲ. ಕೊಳ್ಳೇಗಾಲ, ಹನೂರು ಭಾಗದ ಪ್ರಕೃತಿಪ್ರಿಯರು ಅವನ್ನು ಕಾಣುವುದು ತೆರೆಯ ಮೇಲೆಯೇ. 1993ರ ‘ಜುರಾಸಿಕ್ ಪಾರ್ಕ್’ ಬೆರಗು ಹುಟ್ಟಿಸಿತಾದರೂ ಅದರ ಜೀವಾಳ ಭಯವೇ ಆಗಿತ್ತು. ಅದಕ್ಕಿಂತ ಮಿಗಿಲಾದದ್ದು ಡೇವಿಡ್ ಅಟೆನ್‌ಬರೊ ನಿರೂಪಣೆಯ ‘ಪ್ರಿಹಿಸ್ಟಾರಿಕ್ ಪ್ಲಾನೆಟ್’. ಅದರ 2023ರ ಸರಣಿಯಲ್ಲಿ ಭಾರತದ್ದೇ ಆದ, ಉದ್ದ ಕತ್ತಿನ ಸಸ್ಯಾಹಾರಿ ಇಸಿಸಾರಸ್‌ಗಳು ದಖ್ಖನ್ ಟ್ರ್ಯಾಪ್ಸ್ ಎಂಬ, ಇಂದಿನ ಬೆಳಗಾವಿ–ಬೀದರ್‌ಗಳವರೆಗೂ ಹಬ್ಬಿರುವ ಲಾವಾ ಹಾಸನ್ನು ದಾಟಿ, ಜ್ವಾಲಾಮುಖಿಯ ಕಾವಿನಿಂದ ಬೆಚ್ಚಗಿರುವ ನೆಲದಲ್ಲಿ ಮೊಟ್ಟೆಯಿಡುತ್ತವೆ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಆನೆಹಿಂಡು ಸಾಗುವುದನ್ನು ಬಲ್ಲವರು, ಪಾದ ಊರಿದಾಗ ಮೈಭಾರವೆಲ್ಲ ಮೆಲ್ಲಗೆ ಕೆಳಗಿಳಿಯುವ ಇಸಿಸಾರಸ್‌ಗಳ ನಡಿಗೆಯನ್ನು ಕಂಡು, ಸರಣಿಯನ್ನು ರೂಪಿಸಿದವರು ಜೀವಂತ ಪ್ರಾಣಿಗಳನ್ನು ಎಷ್ಟು ಶ್ರದ್ಧೆಯಿಂದ ಗಮನಿಸಿದ್ದಾರೆಂದು ಮನಸಾರೆ ಮೆಚ್ಚುತ್ತಾರೆ.