ರೋಲ್‌ಬ್ಯಾಕ್ ಆದ ಟಾಕೀಜು

ಮುಂಬೈಯ ರಾಯಲ್ ಒಪೆರಾ ಹೌಸ್ ಹೊಕ್ಕವರು ಮೊದಲು ಕತ್ತೆತ್ತಿ ಚಾವಣಿ ನೋಡ್ತಾರೆ. ನಾನೂ ನೋಡಿದೆ. 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದ ಕಟ್ಟಡ. 1930ರ ದಶಕದಲ್ಲಿ ಸಿನಿಮಾ ಮಂದಿರವಾಯ್ತು, 1993ರಲ್ಲಿ ಬಾಗಿಲು ಹಾಕಿತು. ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಜೀರ್ಣೋದ್ಧಾರ ಮಾಡಿದ ಮೇಲೆ 2016ರಲ್ಲಿ ಮತ್ತೆ ತೆರೀತು.

ಕೆಲಸ ಖರೇನ ಛಲೋ ಆಗೇದ. ಆದರೆ ಸಿನಿಮಾ ಕಾಲದ ಬದಲಾವಣೆ ತೆಗೆದು, ಮೊದಲಿನ ಬರೋಕ್ ಅಲಂಕಾರಕ್ಕೆ ಮರಳಿದ್ದಾರೆ. ನಮ್ಮ ಆಫೀಸಿನ ಮಾತಲ್ಲಿ ರೋಲ್‌ಬ್ಯಾಕ್. ನಡುವಿನ ಸುಮಾರು 60 ವರ್ಷ ಚಿಲ್ಲರೆ ಎಣಿಸಿ ಟಿಕೆಟ್ ತಗೊಂಡವರ ಗುರುತು ಎಲ್ಲಿ ಹೋಯ್ತು?

ಚಾವಣಿಯ ಚೆಂದವೇ ಅಳತೆಯಾದರೆ ಚಿಕ್ಕೋಡಿ, ಅಥಣಿ ಕಡೆಯ ಟಾಕೀಜುಗಳಲ್ಲಿ ಉಳಿಸೋದೇನೂ ಇಲ್ಲ, ಬರೀ ತಗಡು. ಆದರೆ ಒಂದೇ ಗೋಡೆ ಮೇಲೆ ಶಿವರಾಜಕುಮಾರ್, ಪಕ್ಕದಲ್ಲೇ ಲಕ್ಷ್ಮೀಕಾಂತ ಬೆರ್ಡೆ! ನಿಪ್ಪಾಣಿಯ ತಂಬಾಕು ವಖಾರಿ ಬಿಟ್ಟ ಮೇಲೆ ನಮ್ಮ ಅತ್ತಿ ಸೆರಗಿನ ಗಂಟು ಬಿಚ್ಚಿ, ಮುಷ್ಟಿಯಷ್ಟೇ ಹಿಡಿಸೋ ಕಿಂಡಿಯೊಳಗೆ ಕೈ ತೂರಸ್ತಿದ್ಲು. ಸಿನಿಮಾ ಕನ್ನಡದ್ದೋ ಮರಾಠಿಯದ್ದೋ ಅಂತ ಒಳಗೆ ಹೋದ ಮೇಲೇ ಗೊತ್ತಾಗ್ತಿತ್ತು, ಅಕಿಗೆ ಎರಡೂ ಅಷ್ಟೇ.

ಹೋದ ಸಲ ನೋಡಿದಾಗ ಆ ಕಿಂಡಿಗೆ ಇಟ್ಟಂಗಿ ಕಟ್ಟಿದ್ರು. ಪ್ರೊಜೆಕ್ಟರ್ ತಿರುಗಿಸ್ತಿದ್ದ ಕಾಕಾ ಇನ್ನೂ ಅದಾರ. ದೀಪಾವಳಿಗೆ ಹೋದಾಗ ಫೋನಿನಲ್ಲಾದರೂ ಅವರ ಮಾತು ರೆಕಾರ್ಡ್ ಮಾಡ್ಕೋಬೇಕು.