ಅಚ್ಚುಕೂಟದಿಂದ ಕಕ್ಕೇರಿಗೆ

ಊರು ನೋಡಲು ಹೊರಟ ಪುಸ್ತಕಪ್ರಿಯರು ಸಾಮಾನ್ಯವಾಗಿ ಎರಡು ವಿಷಯ ವಿಚಾರಿಸುತ್ತಾರೆ: ಒಳ್ಳೆಯ ಪುಸ್ತಕದಂಗಡಿ ಎಲ್ಲಿದೆ, ಯಾವ ಸಾಹಿತಿಯ ಮನೆ ಉಳಿದಿದೆ. ಧಾರವಾಡದಲ್ಲಿ ಇದಕ್ಕೆ ಥಟ್ಟನೆ ಉತ್ತರ ಸಿಗುತ್ತದೆ. ಮನೋಹರ ಗ್ರಂಥಮಾಲೆಯ ಅಟ್ಟವಿದೆ, ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆಯಿದೆ. ಅದೇ ವಿಚಾರಣೆ ಹಿಡಿದು ಬೆಳಗಾವಿಗೆ ಬಂದವರು ಖಡೇಬಜಾರದಲ್ಲೊಂದು ಸುತ್ತು ಹಾಕಿ, ಕುಂದಾ ಕಟ್ಟಿಸಿಕೊಂಡು, ಇಲ್ಲಿ ಓದುವವರಿಗೆ ನೋಡುವಂಥದ್ದೇನೂ ಇಲ್ಲ ಎಂದು ಹೊರಟುಬಿಡುತ್ತಾರೆ. ಈ ಊರಿಗೆ ಕೇಳಬೇಕಾದ್ದು ಬೇರೆ. ಪುಸ್ತಕ ಎಲ್ಲಿ ಅಚ್ಚಾಯಿತು, ಯಾರು ಎಲ್ಲಿ ಕೂತು ಓದಿದರು, ಅಚ್ಚಿಗೂ ಮುಂಚೆ ಅಕ್ಷರ ಯಾವ ಮಣ್ಣಿನಡಿ ಬಿದ್ದಿತ್ತು ಎಂದು ಕೇಳಿದರೆ ಬೆಳಗಾವಿಯಿಂದ ಖಾನಾಪುರದ ಕಾಡಂಚಿನವರೆಗೆ ದಾರಿ ತೆರೆಯುತ್ತದೆ.

ದಾರಿ ಶುರುವಾಗಬೇಕಾದ್ದು ಒಂದು ಅಚ್ಚುಕೂಟದಿಂದ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು, ಓಲೆಗರಿಗಳನ್ನು ಬಿಡಿಸಿ, ವರ್ಷಗಟ್ಟಲೆ ಕೂಡಿಸಿದ ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದ್ದರು. ಅದು ಅಚ್ಚಾಗದೆ ಹಿಂದಿರುಗಿತು. ಆಗ ಕೈಹಿಡಿದದ್ದು ಬೆಳಗಾವಿ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಇಲ್ಲಿನ ಚೌಗುಲೆಯವರ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ತೀರ್ಥಂಕರನ ಹೆಸರು ಹೊತ್ತ ಅಚ್ಚುಕೂಟದಲ್ಲಿ ಶರಣರ ಮಾತಿಗೆ ಮೊಳೆ ಜೋಡಿಸಲಾಯಿತು! ಹಳಕಟ್ಟಿಯವರು ಮನೆ ಮಾರಿ ಸ್ವಂತ ಹಿತಚಿಂತಕ ಮುದ್ರಣಾಲಯ ತೆರೆದದ್ದು ಆಮೇಲಿನ ಮಾತು. ಇವತ್ತು ಪಠ್ಯದಲ್ಲಿ, ಭಾಷಣದಲ್ಲಿ, ನಾಟಕದಲ್ಲಿ ವಚನ ಹೇಳುವ ಪ್ರತಿ ಕನ್ನಡಿಗರೂ ಮಹಾವೀರ ಮುದ್ರಣಾಲಯಕ್ಕೆ ಋಣಿಗಳು. ಜಿಲ್ಲೆಯ ಸಾಹಿತ್ಯ ಸ್ಮಾರಕಗಳನ್ನು ಎಣಿಸುವವರು ಕವಿಗಳ ಪ್ರತಿಮೆಗಿಂತ ಮೊದಲು ಈ ಹೆಸರು ಬರೆಯಬೇಕು. ಇದೇ ನಗರದ ನಾಗನೂರು ರುದ್ರಾಕ್ಷಿಮಠ ಮುಂದೆ ವಚನ ಅಧ್ಯಯನ ಕೇಂದ್ರ ಕಟ್ಟಿ ಗ್ರಂಥಗಳನ್ನು ಹೊರತಂದದ್ದರಿಂದ ಆ ಕೆಲಸಕ್ಕೆ ಇಲ್ಲಿ ಮುಂದುವರಿಕೆಯೂ ಇದೆ.

ಅಂಗಡಿಗಳ ವಿಚಾರ ಬಂದರೆ ನಿಷ್ಠುರವಾಗಿಯೇ ಹೇಳಬೇಕಾಗುತ್ತದೆ. ಹೆಚ್ಚಿನವು ಪುಸ್ತಕ ಮತ್ತು ಸ್ಟೇಶನರಿ ಅಂಗಡಿಗಳು. ಎದುರಿನ ಕಪಾಟು ಶಾಲೆಯ ಗೈಡುಗಳಿಗೆ, ಕೆಪಿಎಸ್‌ಸಿ ಮತ್ತು ಪೊಲೀಸ್ ನೇಮಕಾತಿಯ ಪರೀಕ್ಷಾ ಪುಸ್ತಕಗಳಿಗೆ ಮೀಸಲು. ಕತೆ, ಕವಿತೆ ಹಿಂದಿನ ಸಾಲಿಗೆ. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ನೌಕರಿಗಾಗಿ ಓದುವುದನ್ನು ಹಗುರವಾಗಿ ಕಾಣುವಂತಿಲ್ಲ. ಆ ಓದೇ ಅಂಗಡಿಗಳನ್ನು ನಡೆಸುತ್ತಿದೆ. ಆದರೆ ಬೆಳಗಾವಿ ಜಿಲ್ಲೆಯಲ್ಲೇ ಹುಟ್ಟಿದ ಬಸವರಾಜ ಕಟ್ಟೀಮನಿ, ಬೆಟಗೇರಿ ಕೃಷ್ಣಶರ್ಮ, ಚಂದ್ರಶೇಖರ ಕಂಬಾರ, ಬಿ.ಎ. ಸನದಿ ಇವರ ಪುಸ್ತಕಗಳು ಒಟ್ಟಿಗೆ ಸಿಗುವ ಒಂದು ಕಪಾಟು ಜಿಲ್ಲಾ ಕೇಂದ್ರದ ಪ್ರತಿ ಅಂಗಡಿಯಲ್ಲೂ ಇರಬೇಕೆಂದು ಬಯಸುವುದು ದೊಡ್ಡ ಆಸೆಯೇನಲ್ಲ.

ಓದಿನ ಹಳೆಯ ಜಾಗ ಅಂಗಡಿಗಿಂತ ವಾಚನಾಲಯ. ಬೆಳಗಾವಿಯ ಸಾರ್ವಜನಿಕ ವಾಚನಾಲಯ 1848ರದು. ಸಿಪಾಯಿ ದಂಗೆಗಿಂತ ಹಳೆಯದು. ಇಲ್ಲಿ ಬಂದಾಗ ಕನ್ನಡದ ಸಾಹಿತ್ಯಪ್ರವಾಸಿಯ ದೊಡ್ಡ ಕೊರತೆ ಎದ್ದು ಕಾಣುತ್ತದೆ: ಈ ಊರಿನ ಮರಾಠಿ ಅರ್ಧ ಅವರ ಪಟ್ಟಿಯಲ್ಲೇ ಇರುವುದಿಲ್ಲ. ‘ಗರ್ಭರೇಶೀಮ’ ಸಂಕಲನಕ್ಕೆ 1984ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಇಂದಿರಾ ಸಂತ ಬದುಕಿ ಬರೆದದ್ದು ಬೆಳಗಾವಿಯಲ್ಲಿ. ಮರಾಠಿ ಸಣ್ಣಕತೆಯ ದೊಡ್ಡ ಹೆಸರು ಜಿ.ಎ. ಕುಲಕರ್ಣಿ ಬೆಳಗಾವಿಯಲ್ಲಿ ಓದಿ ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿದವರು. ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದ ಪು.ಲ. ದೇಶಪಾಂಡೆ, ಕನ್ನಡದ ಧಾಟಿಯಲ್ಲಿ ಮರಾಠಿ ಆಡುವ ಬೆಳಗಾವಿಯ ರಾವಸಾಹೇಬರನ್ನು ಮಹಾರಾಷ್ಟ್ರದ ಮನೆಮಾತಾಗಿಸಿದರು. ಮರಾಠಿ ಓದುಗರ ಪಟ್ಟಿಯಲ್ಲಿ ಹಳಕಟ್ಟಿ, ಕಟ್ಟೀಮನಿ ಇರುವುದೂ ಅಪರೂಪವೇ. ಒಂದೇ ಗಲ್ಲಿಯಲ್ಲಿ ಎರಡು ಪಟ್ಟಿ ಹಿಡಿದು ನಡೆಯುವವರು ಪರಸ್ಪರ ಎದುರಾಗದೆ ಹೋಗುತ್ತಾರೆ. ಗಡಿ ತಕರಾರಿನ ರಾಜಕೀಯಕ್ಕೆ ಅದರದೇ ಕಾರಣಗಳಿರಬಹುದು. ಓದುಗರು ಅದನ್ನು ಯಾಕೆ ಹೊರಬೇಕು?

ಕನ್ನಡದ ದೊಡ್ಡ ಸಭೆಗಳಿಗೆ ಬೆಳಗಾವಿಯಲ್ಲಿ ಬರವಿಲ್ಲ. 1924ರ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. 1925, 1929, 1939, 1980 ಮತ್ತು 2003ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ಇಲ್ಲಿ ಸೇರಿದವು. 1929ರ ಅಧ್ಯಕ್ಷರು ಮಾಸ್ತಿ, 1980ರದಕ್ಕೆ ಕಟ್ಟೀಮನಿ. ಪೆಂಡಾಲು ಬಿಚ್ಚಿದ ಮೇಲೆ ಊರಿನ ಓದಿಗೆ ಏನು ಉಳಿಯಿತು ಎಂಬುದನ್ನು ಪರಿಷತ್ತು ಗಂಭೀರವಾಗಿ ಕೇಳಿಕೊಳ್ಳಬೇಕು.

ಖಾನಾಪುರ ತಾಲೂಕಿಗೆ ಪುಸ್ತಕದ ನೆಪದಲ್ಲಿ ಹೋಗುವವರು ಕಡಿಮೆ. ಮಲಪ್ರಭೆ, ಮಳೆಕಾಡು, ಲೋಂಡಾ ರೈಲು ಇಷ್ಟೇ ಗೊತ್ತು. ನಿಜಕ್ಕೂ ಈ ಹಾದಿಯ ಅತ್ಯಂತ ಸಮೃದ್ಧ ಭಾಗ ಇದೇ. ಹಲಸಿ ಕದಂಬರ ಪಲಾಶಿಕ. ಊರ ಹೊರಗೆ ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಬಾವಿಯ ಬಳಿಯ ಮಣ್ಣದಿಬ್ಬದಲ್ಲಿ ಸಿಕ್ಕ ತಾಮ್ರಪಟಗಳನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೇ ಶತಮಾನದಲ್ಲಿ ಓದಿ ಪ್ರಕಟಿಸಿದ. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮ ಹೊಲ ಕೊಟ್ಟ ಸಂಗತಿ ಅವುಗಳಲ್ಲಿದೆ. ರವಿವರ್ಮನ ಕಾಲದಲ್ಲಿ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನದ ಜಿನೋತ್ಸವ ನಡೆಸಬೇಕೆಂಬ ಕಟ್ಟಳೆಯಿದೆ. ಭಾಷೆ ಸಂಸ್ಕೃತವಾದರೂ ಅದು ಹೇಳುವುದು ಇದೇ ನೆಲದ ಸುದ್ದಿ. ಭೂವರಾಹ ನರಸಿಂಹನ ಗುಡಿ ನೋಡಲು ಬಂದವರ ಕೈಗೆ ಈ ಶಾಸನಗಳ ಕನ್ನಡ ಅನುವಾದ ಸಿಕ್ಕರೆ ಕಲ್ಲು ನೋಡುವ ಕಣ್ಣೇ ಬೇರೆಯಾದೀತು.

ಅಲ್ಲಿಂದ ನಂದಗಡಕ್ಕೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಜನ ಬರುವುದು ವೀರನ ಸಮಾಧಿಗೆ, ಅದು ಸರಿಯೇ. ಆದರೆ ರಾಯಣ್ಣ ಜನರ ಬಾಯಲ್ಲಿ ಉಳಿದದ್ದು ಲಾವಣಿಯಿಂದ. ಹಲಸಿಯ ಪಟ ಓದಿದ ಅದೇ ಫ್ಲೀಟ್, 1880ರ ದಶಕದಲ್ಲಿ ಇಲ್ಲಿನ ಲಾವಣಿಗಳನ್ನು ಬರೆಸಿಕೊಂಡು ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದ, ಅವುಗಳಲ್ಲಿ ರಾಯಣ್ಣನದೂ ಇದೆ, ಸಂಗ್ಯಾನದೂ ಇದೆ. ದಂಗೆಕೋರನೆಂದು ಕೊಂದ ಆಡಳಿತದ ಅಧಿಕಾರಿಯೇ ಅವನ ಹಾಡನ್ನು ಉಳಿಸಿಕೊಟ್ಟ. ಈ ಕಾರಣಕ್ಕೆ ನಂದಗಡ ಸಾಹಿತ್ಯದ ಸ್ಥಳವೂ ಹೌದು.

ಇನ್ನು ಕಕ್ಕೇರಿ. ಕಲ್ಯಾಣದಿಂದ ಉಳವಿಯತ್ತ ಹೊರಟ ಶರಣರ ದಂಡಿನಲ್ಲಿದ್ದ ಡೋಹರ ಕಕ್ಕಯ್ಯ ಐಕ್ಯನಾದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಚರ್ಮ ಹದಮಾಡುವ ಕಾಯಕದವನು, ‘ಅಭಿನವ ಮಲ್ಲಿಕಾರ್ಜುನ’ ಅವನ ಅಂಕಿತ. ಉಳಿದು ಬಂದಿರುವ ಅವನ ವಚನಗಳು ಕೇವಲ ಆರು. ಅಷ್ಟನ್ನೂ ಒಂದು ಹಾಳೆಯ ಎರಡು ಮಗ್ಗುಲಿಗೆ ಅಚ್ಚು ಹಾಕಿಸಬಹುದು: ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ ಅನುವಾದ. ಅಚ್ಚು ಬೆಳಗಾವಿಯಲ್ಲೇ ಆಗಲಿ. ಹಂಚುವ ಹೊಣೆಯನ್ನು ಖಾನಾಪುರದ ಶಾಲೆಗಳೂ ವಾಚನಾಲಯಗಳೂ ಹೊರಲಿ. ಖರ್ಚು ಸಮ್ಮೇಳನದ ಒಂದು ಕಮಾನಿಗೆ ತಗಲುವಷ್ಟೂ ಆಗಲಿಕ್ಕಿಲ್ಲ.